ಹುಳ ಜ್ವರದಲ್ಲಿದ್ದಾಗ ಹೇಳಿದ ಕಥೆ

ನಾನು ಯಳಂದೂರಿನವಳು. ಕೊಳ್ಳೇಗಾಲದ ಸೀಮೆ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನನ್ನನ್ನು ಕೊಳ್ಳೇಗಾಲದ ಮಗ್ಗುಲಿನ ಒಂದು ಹಳ್ಳಿಗೆ ಕೊಟ್ಟರು. ‘ಇಷ್ಟು ದಿನ ಬೇರೆ ರಾಜ್ಯ, ಈಗ ಎಲ್ಲಾ ಒಂದೇ ಆಯಿತಲ್ಲ, ಇನ್ನೇನು ಯೋಚನೆ’ ಎಂದು ಅಪ್ಪ ಹೇಳಿದ್ದರು, ನನ್ನ ಮದುವೆಗೆಂದೇ ಸರ್ಕಾರದವರು ಗಡಿ ಅಳಿಸಿದ ಹಾಗೆ. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ದೂರ. ಅಷ್ಟಕ್ಕೇ ನಾನು ದಾರಿಯುದ್ದಕ್ಕೂ ಅತ್ತಿದ್ದೆ.

ನಮ್ಮ ತೌರು ಗದ್ದೆಯ ಮನೆತನ. ಭತ್ತ ಗೊತ್ತು, ಕೊಕ್ಕರೆ ಗೊತ್ತು, ಹುಳ ಗೊತ್ತಿಲ್ಲ. ಗಂಡನ ಮನೆಯಲ್ಲಿ ನಡುಮನೆಗಿಂತ ದೊಡ್ಡದಾಗಿ ಒಂದು ಹುಳುವಿನ ಮನೆ ಇತ್ತು. ಬಿದಿರಿನ ಅಟ್ಟಣೆ, ಅದರ ಮೇಲೆ ಸಾಲಾಗಿ ತಟ್ಟೆಗಳು, ತಟ್ಟೆಯ ತುಂಬಾ ರೇಷ್ಮೆ ಹುಳ. ಇರುವೆ ಹತ್ತದಿರಲೆಂದು ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತಿದ್ದರು. ಮೊದಲ ದಿನವೇ ನಮ್ಮತ್ತೆ ಒಂದು ಹುಳವನ್ನು ತೆಗೆದು ನನ್ನ ಅಂಗೈ ಮೇಲೆ ಬಿಟ್ಟರು. ನಾನು ಕಿರುಚಿ ಕೊಡವಿದೆ. ಅವರು ಬೈಯಲಿಲ್ಲ. ನೆಲದ ಮೇಲಿಂದ ಹುಳವನ್ನು ಎತ್ತಿಕೊಂಡು, ಊದಿ, ತಟ್ಟೆಗೆ ಬಿಟ್ಟು, ‘ಇನ್ನೊಂದು ಬೆಳೆ ಒತ್ಗೆ ನೀನೇ ಇವುನ್ನ ಮಕ್ಕಳಂಗೆ ನೋಡ್ಕತೀಯ ಬುಡವ್ವ’ ಅಂದರು. ಹಾಗೇ ಆಯಿತು. ಆ ಮಾತು ಅವರು ಹೇಳಿದ ಹಾಗೇ ಆದದ್ದಕ್ಕೆ ನನಗೆ ಸ್ವಲ್ಪ ದಿನ ಸಿಟ್ಟಿತ್ತು.

ಹುಳ ಸಾಕಿದವರಿಗೆ ಗೊತ್ತು, ಮೊಟ್ಟೆಯೊಡೆದು ಗೂಡು ಕಟ್ಟುವಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ನಿಂತಿರುತ್ತದೆ. ಎಲ್ಲ ಹುಳವೂ ಒಟ್ಟಿಗೆ ಏಳುವುದಿಲ್ಲ, ಕೆಲವು ಮುಂಚೆ, ಕೆಲವು ತಡ. ಮೊದಲು ಎದ್ದವುಗಳು ಹಸಿದು ಹುಡುಕಾಡುತ್ತವೆ. ಆದರೂ ಕಡೆಯ ಹುಳ ಏಳುವ ತನಕ ಸೊಪ್ಪು ಹಾಕುವ ಹಾಗಿಲ್ಲ. ‘ಮುಂಚೆ ಎದ್ದೋನ್ಗೆ ಇಕ್ಬುಟ್ರೆ ಇಂದ್ಗಡೆ ಉಳ್ದೋನು ಸೊಪ್ಪಿನಡೀಲೇ ಸತ್ತೋಯ್ತನೆ’ ಎನ್ನುವರು ಅತ್ತೆ. ನಮ್ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಈ ಕಾಯುವುದು ಆಗುತ್ತಿರಲಿಲ್ಲ. ‘ಎದ್ದದ್ದೇ ತಪ್ಪಾ ಅವು?’ ಎಂದು ಅಮ್ಮನ ಹತ್ತಿರ ವಾದಿಸುವರು.

ನಾಲ್ಕನೇ ಜ್ವರ ದೊಡ್ಡ ಜ್ವರ. ಆಗ ಮನೆಗೆ ಕಟ್ಟು ಬೀಳುತ್ತಿತ್ತು. ಒಗ್ಗರಣೆ ಹಾಕುವಂತಿಲ್ಲ, ಮಕ್ಕಳನ್ನು ಹೊಡೆಯುವಂತಿಲ್ಲ, ಜಗಳವಾಡುವಂತಿಲ್ಲ, ಹೊರಗಿನವರು ಹೊಸಿಲು ದಾಟುವಂತಿಲ್ಲ. ಯಾರಾದರೂ ಬಂದರೆ ಬೇಲಿಯ ಹತ್ತಿರವೇ ನಿಲ್ಲಿಸಿ, ‘ಉಳ ಜ್ವರದಲ್ಲವೆ, ಎದ್ಮೇಲೆ ಬನ್ನಿ’ ಎಂದರೆ ಸಾಕು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಸಾಲ ಕೇಳುವವರನ್ನೂ ಹೆಣ್ಣು ನೋಡಲು ಬಂದವರನ್ನೂ ಅದೇ ಮಾತಿನಲ್ಲಿ ಸಾಗಹಾಕಬಹುದಿತ್ತು. ಮನೆಯವರಿಗೆ ಯಾರಿಗೂ ಹೊಸಿಲಿನ ಈ ಕಟ್ಟು ಇರಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಬರಬಹುದಿತ್ತು, ಎಲ್ಲಿಂದ ಬಂದರೂ ಸರಿಯೇ. ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಮಕ್ಕಳಾದ ಮೇಲೆ, ಆ ಜ್ವರದ ದಿನಗಳಲ್ಲಿ ಅವರನ್ನು ಗದ್ದಲ ಮಾಡದಂತೆ ಕೂರಿಸುವುದೇ ಒಂದು ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ನನ್ನ ಮಗನನ್ನೂ ಮಗಳನ್ನೂ ಹುಳುವಿನ ಮನೆಯ ಜಗುಲಿಗೆ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ಕಥೆ ಹೇಳುವರು. ಅದು ಬೇರೆಲ್ಲೂ ನಾನು ಕೇಳಿದ ಕಥೆಯಲ್ಲ. ಅವರೇ ಕಟ್ಟಿದ್ದು. ನಾನೂ ರಾಗಿ ಆರಿಸುವ ನೆಪದಲ್ಲಿ ಪಕ್ಕದಲ್ಲಿ ಕೂರುತ್ತಿದ್ದೆ.

ಒಂದು ಹೊಳೆ. ಅದರ ಆ ದಡದಲ್ಲೊಬ್ಬ ದೈತ್ಯ, ಈ ದಡದಲ್ಲೊಬ್ಬ ದೈತ್ಯ. ಇಬ್ಬರೂ ಒಬ್ಬ ತಾಯಿಯ ಮಕ್ಕಳು. ಒಬ್ಬ ಹಗಲಣ್ಣ, ಇನ್ನೊಬ್ಬ ಇರುಳಣ್ಣ. ಹಗಲಣ್ಣ ಹುಟ್ಟಿದಾಗಿನಿಂದ ರೆಪ್ಪೆ ಮುಚ್ಚಿದವನಲ್ಲ. ಅವನ ದಡದಲ್ಲಿ ಕಳ್ಳನಿಲ್ಲ, ಸುಳ್ಳಿಲ್ಲ, ಮುಚ್ಚುಮರೆಯಿಲ್ಲ. ಆದರೆ ಅಲ್ಲಿ ಕೂಸುಗಳಿಗೆ ನಿದ್ದೆಯಿಲ್ಲ, ಬಿತ್ತಿದ ಬೀಜ ನೆಲದಲ್ಲೇ ಹುರಿದುಹೋಗುತ್ತದೆ. ಇರುಳಣ್ಣ ಹುಟ್ಟಿದಾಗಿನಿಂದ ಕಣ್ಣು ಬಿಟ್ಟವನಲ್ಲ. ಅವನ ದಡದಲ್ಲಿ ದಣಿದವನಿಗೆ ತಂಪುಂಟು, ಅಳುವವರಿಗೆ ಮರೆಯುಂಟು. ಆದರೆ ಕದ್ದ ಮಾಲೂ ಅಲ್ಲೇ ಇರುತ್ತದೆ, ಪೈರು ತೆನೆಗಟ್ಟುವುದಿಲ್ಲ. ಹಗಲಣ್ಣ, ‘ಅವ್ವ, ಅವನ್ನ ಮುಗಿಸ್ಬುಡ್ತೀನಿ, ಅವನು ಬಚ್ಚಿಟ್ಟಿರೋದೆಲ್ಲ ಪಾಪವೇ’ ಎನ್ನುತ್ತಾನೆ. ಇರುಳಣ್ಣ, ‘ಅವ್ವ, ಅವನ ಕಣ್ಣು ನನ್ನ ಮೈ ಸುಡ್ತದೆ, ಅವನ ಕಣ್ಣು ಕಟ್ಟು’ ಎನ್ನುತ್ತಾನೆ. ತಾಯಿ ಏನು ಮಾಡಬೇಕು? ಹೊಳೆಯ ನಡುವಿನ ಮರಳದಿಣ್ಣೆಯ ಮೇಲೆ ನಿಂತು, ಎರಡು ಮೊರ ಕಟ್ಟಿ ತಕ್ಕಡಿ ಮಾಡಿ, ಅದರಲ್ಲಿ ಇಬ್ಬರನ್ನೂ ಕೂರಿಸಿ ಎತ್ತಿ ಹಿಡಿಯುತ್ತಾಳೆ. ಇವನು ಮೇಲಾದಾಗ ಹಗಲು, ಅವನು ಮೇಲಾದಾಗ ಇರುಳು. ಲೋಕ ಅಂದಿನಿಂದ ಹಾಗೆ ನಡೆಯುತ್ತಿದೆ.

‘ಆಮೇಲೆ?’ ಎನ್ನುವನು ನನ್ನ ಮಗ.

‘ಆಮೇಲೆ ಇಬ್ರೂ ಮನಿಕಂಡ್ರು. ಉಳ ಎದ್ಮೇಲೆ ಅವ್ರೂ ಎದ್ದಾರು.’

ಅತ್ತೆಯ ಕಥೆಗೆ ಅದೊಂದು ನಿಯಮ. ಹುಳ ಜ್ವರದಲ್ಲಿದ್ದಾಗ ಯಾರೂ ಗೆಲ್ಲಬಾರದು, ಯಾರೂ ಸಾಯಬಾರದು. ಹುಳ ಎದ್ದ ಮೇಲೋ, ಸೊಪ್ಪು ಕೊಯ್ಯುವುದು, ಹೆಚ್ಚುವುದು, ಕಸ ತೆಗೆಯುವುದು, ಕಥೆಗೆ ಯಾರಿಗೆ ಪುರುಸೊತ್ತು? ಹಾಗಾಗಿ ಆ ಕಥೆ ಬೆಳೆಯಿಂದ ಬೆಳೆಗೆ ಮುಂದಕ್ಕೆ ಹೋಯಿತೇ ವಿನಾ ಮುಗಿಯಲಿಲ್ಲ. ದೈತ್ಯರು ಮುನಿಸಿಕೊಂಡರು, ಹೊಳೆ ತುಂಬಿತು, ಮೊರದ ಹಗ್ಗ ಸವೆಯಿತು, ತಾಯಿ ತನ್ನ ಕೂದಲನ್ನೇ ಹೊಸೆದು ಹಗ್ಗ ಮಾಡಿದಳು. ಒಂದು ಸಲ ನನ್ನ ಮಗಳು ಕೇಳಿದಳು, ‘ಅಜ್ಜಿ, ಅವಳು ಎರಡು ಕೈಲೂ ತಕ್ಕಡಿ ಹಿಡ್ಕಂಡವಳಲ್ಲಾ, ಊಟ ಹೆಂಗೆ ಮಾಡ್ತಾಳೆ?’

ಅತ್ತೆ, ‘ಮಕ್ಕಳೇ ತಿನ್ನುಸ್ಬೇಕು ಕಣವ್ವ. ಆದ್ರೆ ಅವ್ರು ತಕ್ಕಡೀಲವ್ರೆ’ ಅಂದರು.

ಈಗ ಆ ಮನೆಯ ಇಬ್ಬರು ಗಂಡುಮಕ್ಕಳ ವಿಷಯಕ್ಕೆ ಬರುತ್ತೇನೆ.

ದೊಡ್ಡವರು ನಮ್ಮನೆಯವರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಊರಲ್ಲಿ ಯಾರ ಬದು ಯಾರು ಒತ್ತಿದರೂ ‘ಅವರನ್ನ ಕರೀರಿ’ ಎನ್ನುತ್ತಿದ್ದರು. ಕೇಳಲು ಚೆನ್ನಾಗಿದೆ. ಅಂಥವರ ಜೊತೆ ಸಂಸಾರ ಮಾಡಿ ನೋಡಬೇಕು. ನನ್ನ ಅಡಿಗೆಯಲ್ಲಿ ಉಪ್ಪು ಜಾಸ್ತಿಯಾದರೆ ನೆಂಟರ ಮುಂದೆಯೇ ‘ಉಪ್ಪು ಜಾಸ್ತಿ’ ಎನ್ನುವರು. ತೌರಿಂದ ಅಣ್ಣ ತಂದ ಸೀರೆ ಹಳತನ್ನು ಮಡಿಸಿ ತಂದದ್ದೆಂದು ಅಣ್ಣನ ಎದುರಿಗೇ ಹೇಳಿದರು. ಅದು ನಿಜವೇ ಆಗಿತ್ತು. ನಿಜವಾಗಿದ್ದರೇನು, ನಾನು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದೆ.

ಚಿಕ್ಕವನು ನನ್ನ ಮೈದುನ. ಅವನ ಬಾಯಲ್ಲಿ ನಿಜ ಬಂದರೆ ಮಳೆ ಬರುತ್ತದೆಂದು ನಾವೇ ತಮಾಷೆ ಮಾಡುತ್ತಿದ್ದೆವು. ಕಾಡಿನ ಅಂಚಿಗೆ ಗಾಡಿ ಹೊಡೆದುಕೊಂಡು ಹೋಗಿ ಬಿದಿರು ತಂದು ಮಾರುವುದು ಅವನ ಕೆಲಸ. ಹನೂರು, ರಾಮಾಪುರ, ಅದರಾಚೆ ಹೂಗ್ಯಂ, ಎಲ್ಲೆಲ್ಲೂ ಅವನಿಗೆ ಗೆಳೆಯರು. ತಮಿಳಿನವರ ಹತ್ತಿರ ತಮಿಳು, ನಮ್ಮ ಹತ್ತಿರ ಕನ್ನಡ, ಎರಡರಲ್ಲೂ ಬುರುಡೆ ಬಿಡುವನು. ಬರುವಾಗ ನನಗೆ ಜೇನು, ಮಕ್ಕಳಿಗೆ ನೆಲ್ಲಿಕಾಯಿ, ಅತ್ತೆಗೆ ತಾಳೆ ಬೆಲ್ಲ. ಒಂದು ಸಲ ನನ್ನ ಹಿತ್ತಾಳೆ ಕೊಡವನ್ನು ತೇಪೆ ಹಾಕಿಸಿಕೊಂಡು ಬರುತ್ತೇನೆಂದು ಒಯ್ದವನು ಕೊಡ ಬಿಟ್ಟು ಉಳಿದೆಲ್ಲ ತಂದ. ಅದನ್ನು ಹೂಗ್ಯಂ ಹತ್ತಿರ ಒಬ್ಬಳು ಬಾಣಂತಿಗೆ ನೀರು ಕಾಯಿಸಲು ಪಾತ್ರೆಯಿಲ್ಲವೆಂದು ಕೊಟ್ಟುಬಿಟ್ಟಿದ್ದನಂತೆ. ಅದು ನಿಜವೋ ಮಾರಿಕೊಂಡನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗ ಎಂಥ ನಗು ನಕ್ಕನೆಂದರೆ ನಾನೂ ನಕ್ಕುಬಿಟ್ಟೆ.

ಆ ನಗು ಮುಳುವಾಗುವ ಕಾಲ ಬಂತು. ಒಂದು ಬೆಳಿಗ್ಗೆ ಅರಣ್ಯದವರು ಜೀಪಿನಲ್ಲಿ ಬಂದು ಮನೆ ಮುಂದೆ ನಿಂತರು. ಗಾಡಿಯಲ್ಲಿ ಬಿದಿರಿನ ಕೆಳಗೆ ಗಂಧದ ತುಂಡು ಸಾಗಿಸಿದ್ದಾನೆಂದು ಅವರಿಗೆ ಸುಳಿವು ಸಿಕ್ಕಿತ್ತು. ಮೈದುನ ಮನೆಯಲ್ಲಿರಲಿಲ್ಲ. ನಮ್ಮನೆಯವರನ್ನು ಕರೆದು, ‘ಏನ್ರೀ, ನೀವೇನಾದರೂ ನೋಡಿದ್ದೀರಾ?’ ಎಂದರು. ಇವರು ಹಿಂದಿನ ದಿನ ಹುಲ್ಲಿನ ಮೆದೆ ಎಳೆಯುವಾಗ ತುಂಡುಗಳನ್ನು ಕಂಡಿದ್ದರು. ಕಂಡು, ತಮ್ಮ ಬರಲಿ ಕೇಳುತ್ತೇನೆ ಎಂದು ಸುಮ್ಮನಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಮಗನ ಮುಖವನ್ನೇ ನೋಡುತ್ತಿದ್ದರು. ‘ನೋಡಿದೀನಿ ಸಾ. ಮೆದೇಲದೆ’ ಎಂದರು ಇವರು.

ತಮ್ಮನಿಗೆ ಜೈಲಾಯಿತು. ಇವರು ಕೋರ್ಟಿನಲ್ಲೂ ಅದನ್ನೇ ಹೇಳಿದರು. ಹೇಳಿ ಮನೆಗೆ ಬಂದು ಎರಡು ದಿನ ಉಣ್ಣಲಿಲ್ಲ. ಯಾರಾದರೂ ಮಾತೆತ್ತಿದರೆ, ‘ಕೇಳುದ್ರು, ಏಳ್ದೆ’ ಎನ್ನುವರು, ಅಷ್ಟೇ. ಊರಿನವರು ಇವರನ್ನು ದೇವರಂಥವನೆಂದರು, ಅವನನ್ನು ಮನೆತನಕ್ಕೆ ಹುಟ್ಟಿದ ರಾಕ್ಷಸನೆಂದರು. ಎರಡು ಮಾತೂ ಒಂದೇ ಜಗುಲಿಯಲ್ಲಿ, ಒಂದೇ ಎಲೆಅಡಿಕೆ ಉಗುಳುವಾಗ ಬಂದವು. ಆ ಮಾತುಗಳಿಂದ ಇವರು ಇನ್ನಷ್ಟು ಬಿಗಿಯಾದರು. ದೇವರೆಂದು ಕರೆಸಿಕೊಂಡವರಿಗೆ ಆಮೇಲೆ ಮನುಷ್ಯರಾಗುವುದು ಕಷ್ಟ. ‘ಅವನು ಈ ಒಸ್ಲು ದಾಟ್ಬೇಕಾದ್ರೆ ಮೊದ್ಲು ಊರ ಮುಂದೆ ತಪ್ಪು ಒಪ್ಕಬೇಕು’ ಎಂದು ಹೇಳಿಬಿಟ್ಟರು.

ಅತ್ತೆಗೆ ಇದ್ದ ಆಸೆ ಒಂದೇ. ಅದನ್ನು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ‘ನನ್ನ ಕಣ್ಮುಂದೆ ಇಬ್ರೂ ಒಂದೇ ಮನೇಲಿ ಕುಂತು ಒಂದೊತ್ತು ಉಣ್ಬೇಕು. ನನ್ನ ಮಣ್ಣಿಗೆ ಇಬ್ರೂ ಒಂದೊಂದಿಡಿ ಮಣ್ಣಾಕ್ಬೇಕು. ಇಷ್ಟೆಯ.’

ಅವನು ಬಿಡುಗಡೆಯಾಗಿ ಬಂದ ದಿನ ಹುಳ ನಾಲ್ಕನೇ ಜ್ವರಕ್ಕೆ ಹೋಗಿದ್ದವು.

ಮಧ್ಯಾಹ್ನ. ಕಥೆ ನಡೆಯುತ್ತಿತ್ತು. ಬೇಲಿಯ ಹತ್ತಿರ ಯಾರೋ ಬಂದು ನಿಂತ ಹಾಗಾಯಿತು. ನೋಡಿದರೆ ಅವನು, ಕಡ್ಡಿಯ ಹಾಗೆ, ಗಡ್ಡ ಬಿಟ್ಟುಕೊಂಡು, ಕೈಯಲ್ಲೊಂದು ಚೀಲ. ಮಕ್ಕಳು ‘ಚಿಕ್ಕಪ್ಪ’ ಎಂದು ಕೂಗಿ ಓಡಲಿಕ್ಕಿದ್ದವರನ್ನು ನಾನೇ ಹಿಡಿದುಕೊಂಡೆ, ಗದ್ದಲವಾದೀತೆಂದು. ಅತ್ತೆ ಎದ್ದರು. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ನಮ್ಮನೆಯವರು ಸೌದೆಯ ಹೊರೆ ಹೊತ್ತು ಹಿತ್ತಲ ಕಡೆಯಿಂದ ಬಂದು ಅತ್ತೆಯ ಹಿಂದೆ ನಿಂತರು. ಹೊರೆ ಇಳಿಸಲಿಲ್ಲ. ತಮ್ಮ ಅಣ್ಣನನ್ನು ನೋಡಿದ, ಅಣ್ಣ ತಮ್ಮನನ್ನು ನೋಡಿದರು. 

ಇವರು ‘ಓಗಾಚೆ’ ಎಂದುಬಿಟ್ಟರೆ ಮುಗಿಯಿತು, ಅದನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಅತ್ತೆಗೆ ಅದು ಗೊತ್ತಿತ್ತು. ಹಾಗೆ ಅನ್ನುವ ಮುಂಚೆ ತಾವೇ ಏನಾದರೂ ಅನ್ನಬೇಕಿತ್ತು. ಅವರು ಬೇಲಿಯ ಕಡೆ ಎರಡು ಹೆಜ್ಜೆ ಹೋಗಿ, ಮೆಲ್ಲಗೆ, ‘ಉಳ ಜ್ವರದಲ್ಲವೆ ಕಣಪ್ಪ. ಎದ್ಮೇಲೆ ಬಾ’ ಅಂದರು.

ಅದರ ಅರ್ಥ ನನಗೆ ಆಗಲೇ ಆಯಿತು. ಎರಡು ದಿನ ಕೊಡು, ಇವನನ್ನು ಮೆತ್ತಗೆ ಮಾಡುತ್ತೇನೆ, ಆಮೇಲೆ ಬಾ ಎಂದು. ಇತ್ತ ಹಿರಿಯ ಮಗನಿಗೂ ಬೇಡವೆನ್ನಲಿಲ್ಲ, ಅತ್ತ ಕಿರಿಯ ಮಗನಿಗೂ ಬೇಡವೆನ್ನಲಿಲ್ಲ. ತಕ್ಕಡಿ ಎರಡೂ ಕಡೆಗೆ ಸಮ ಆಯಿತೆಂದುಕೊಂಡರು. ಮೈದುನ ಅಲ್ಲೇ ಒಂದಿಷ್ಟು ಹೊತ್ತು ನಿಂತ. ಚೀಲದಿಂದ ಒಂದು ಪೊಟ್ಟಣ ತೆಗೆದು ಬೇಲಿಯ ಗೂಟದ ಮೇಲಿಟ್ಟ. ತಾಳೆ ಬೆಲ್ಲ. ಆಮೇಲೆ ಹೊರಟುಹೋದ. ತಿರುಗಿ ನೋಡಲಿಲ್ಲ.

ಹುಳ ಎದ್ದವು. ಆ ಎರಡು ದಿನ ಅತ್ತೆ ಮಗನ ಹಿಂದೆ ಹಿಂದೆ ತಿರುಗಿದರು. ಏನು ಹೇಳಿದರೋ, ಎಷ್ಟು ಅತ್ತರೋ, ಕಡೆಗೆ ಇವರು ಒಂದು ಮಾತು ಅಂದರು. ‘ಬಂದ್ರೆ ಬರ್ಲಿ. ನಾನು ಇತ್ತಲಲ್ಲಿರ್ತೀನಿ.’ ಇವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಅತ್ತೆ ಅವರೆಕಾಳು ಸಾರು, ಮುದ್ದೆ, ಬೆಲ್ಲದ ಪಾಯಸ ಮಾಡಿಸಿದರು. ಒಗ್ಗರಣೆಯ ವಾಸನೆ ಓಣಿಯ ತುಂಬ ಹೋಗಲಿ ಎಂದು ನಾನೇ ಬೆಳ್ಳುಳ್ಳಿ ಜಾಸ್ತಿ ಹಾಕಿದೆ, ಹುಳ ಎದ್ದದ್ದು ಊರಿಗೆಲ್ಲ ಗೊತ್ತಾಗಲೆಂದು. ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ಬೇಲಿಯ ಹತ್ತಿರ ಕೂತರು. ಅವನು ಅಂದು ಬರಲಿಲ್ಲ. ಮರುದಿನವೂ ಬರಲಿಲ್ಲ. ಪಾಯಸ ಹುಳಿಯಾಗಿ ದನಕ್ಕೆ ಹಾಕಿದೆವು.

ರಾಮಾಪುರದ ಕಡೆ ಹೋಗುವ ಒಬ್ಬರ ಕೈಲಿ ಹೇಳಿಕಳಿಸಿದರು. ಅವನು ಹೂಗ್ಯಂನಲ್ಲಿ ಒಂದು ತಮಿಳಿನ ಮನೆಯವರ ಹೊಲ ಮಾಡಿಕೊಂಡು ಅಲ್ಲೇ ನಿಂತಿದ್ದಾನೆಂದು ತಿಳಿಯಿತು. ಉತ್ತರವೂ ಬಂತು. ‘ಒರಗ್ನೋರ್ಗೆ ಇದ್ದ ಕಟ್ಟು ಮನೆಯೋರ್ಗೆ ಯಾವಾಗ್ಲಿಂದ ಬಂತು ಅಂತ ನಮ್ಮವ್ವನ್ನ ಕೇಳಿ’ ಎಂದನಂತೆ. ಅಷ್ಟೇ. ಅತ್ತೆ ಅದನ್ನು ಕೇಳಿಸಿಕೊಂಡು ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿದರು. ದೊಡ್ಡ ಜ್ವರ ಬಿಟ್ಟ ಹುಳ ಸೊಪ್ಪು ತಿನ್ನುವ ಸದ್ದು ಜಡಿಮಳೆಯಂತಿರುತ್ತದೆ. ಆ ಸದ್ದಿನಲ್ಲಿ ಅವರು ಅಳುವುದು ಯಾರಿಗೂ ಕೇಳಿಸಲಿಲ್ಲ. ನಾನು ಹೋಗಿ ನೋಡಿದ್ದರಿಂದ ಗೊತ್ತಾಯಿತು.

ಒಂದು ಸಲ, ಅದಾದ ಎಷ್ಟೋ ತಿಂಗಳ ಮೇಲೆ, ನಾನೇ ಅವರನ್ನು ಹೊರಡಿಸಿದೆ. ‘ಅವನು ಬರದಿದ್ದರೆ ನಾವು ಹೋಗೋಣ ಅತ್ತೆ, ಕಾಲೇನು ಬಿದ್ದುಹೋಗಿದೆಯಾ?’ ಎಂದು. ನಮ್ಮನೆಯವರಿಗೆ ತೌರಿಗೆ ಹೋಗುತ್ತೇವೆಂದು ನೆಪ ಹೇಳಲಿಲ್ಲ, ಅವರ ಹತ್ತಿರ ಸುಳ್ಳು ಹೇಳಿದರೆ ಹೇಳಿದವರಿಗೇ ನಾಚಿಕೆಯಾಗುವಂತೆ ನೋಡುತ್ತಾರೆ. ‘ಹೂಗ್ಯಂಗೆ ಹೋಗ್ತೀವಿ’ ಎಂದೆ. ಅವರು ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೊರಟರು. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಹನೂರಿನಲ್ಲಿ ಇಳಿದೆವು. ರಾಮಾಪುರದ ಬಸ್ಸು ಬರಲು ಹೊತ್ತಿತ್ತು. ಅತ್ತೆ ಹುಣಸೆಮರದ ಕೆಳಗೆ ಕೂತು ಮಡಿಲಿನ ಗಂಟು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದರು. ಬಸ್ಸು ಬಂತು. ನಾನು ಕೈ ಹಿಡಿದು ಎಬ್ಬಿಸಿದೆ. ಅವರು ಏಳಲಿಲ್ಲ.

‘ಬ್ಯಾಡ ಕಣವ್ವ. ನಾನು ಅಲ್ಲಿಗೋದ್ರೆ ಅವ್ವ ಅವನ ಕಡೀಕೆ ಓದ್ಲು ಅಂತಾನೆ ಇವನು. ಮನಸ್ಸು ಮುರ್ಕತಾನೆ. ಇವನೇನು ತಪ್ಪು ಮಾಡವನೆ? ಕೇಳುದ್ರು, ಏಳ್ದ.’

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ ಸ್ಟ್ಯಾಂಡಿನಲ್ಲೇ ಜೋರಾಗಿ ಅಂದೆ, ‘ಯಾರಾದರೂ ಒಬ್ಬರ ಕಡೆ ಆಗಿ ಅತ್ತೆ! ಇಬ್ಬರಲ್ಲಿ ಒಬ್ಬರಾದರೂ ಸಿಗುತ್ತಾರೆ. ನಡುವೆ ನಿಂತು ಇಬ್ಬರನ್ನೂ ಕಳಕೊಳ್ತಿದ್ದೀರಿ.’ ಕಡಲೆಕಾಯಿ ಮಾರುವವಳು ತಿರುಗಿ ನೋಡಿದಳು. ಅತ್ತೆ ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ‘ಮೆಲ್ಲಗ್ಮಾತಾಡು’ ಅಂದರು, ಅಲ್ಲೂ ಹುಳ ಇರುವ ಹಾಗೆ. ರಾಮಾಪುರದ ಬಸ್ಸು ಹೋಯಿತು. ನಾವು ಕೊಳ್ಳೇಗಾಲದ ಬಸ್ಸಿಗೆ ಬಂದೆವು. ಮನೆಗೆ ಬಂದಾಗ ನಮ್ಮನೆಯವರು, ‘ಹೆಂಗವನೆ?’ ಎಂದು ಕೇಳಿದರು. ನೋಡಲಿಲ್ಲವೆಂದೆ. ಅವರ ಮುಖ ಯಾಕೆ ಸಣ್ಣಗಾಯಿತು ಎಂದು ನಾನು ಆಮೇಲೆ ತುಂಬ ದಿನ ಯೋಚಿಸಿದೆ. ಅವರೂ ಕಾಯುತ್ತಿದ್ದರು. ತಾವೇ ಕಟ್ಟಿಕೊಂಡ ಗೋಡೆಯ ಮೇಲಿಂದ ಇಳಿಯುವುದಕ್ಕೆ ಯಾರಾದರೂ ಏಣಿ ತರಲಿ ಎಂದು.

ಅಷ್ಟು ಹೊತ್ತಿಗೆ ನನ್ನ ಮಕ್ಕಳು ಓದುವವರಾಗಿದ್ದರು. ಕೊಳ್ಳೇಗಾಲದ ಲೈಬ್ರರಿಯಿಂದ ರಾಜಕುಮಾರ, ರಾಕ್ಷಸ, ಮಾಯಾಕುದುರೆಯ ಪುಸ್ತಕಗಳನ್ನು ಹೊತ್ತು ತರುತ್ತಿದ್ದರು. ನಾನೂ ಕದ್ದು ಓದುತ್ತಿದ್ದೆ. ಆ ಪುಸ್ತಕಗಳಲ್ಲಿ ಎಲ್ಲ ಸಲೀಸು. ಒಳ್ಳೆಯವನು ಬೆಳ್ಳಗೆ, ಕೆಟ್ಟವನಿಗೆ ಕೋರೆಹಲ್ಲು. ತಲೆ ಉರುಳಿತು, ರಾಜ್ಯ ಸುಖವಾಗಿತ್ತು. ಓದುವಾಗ ಹಿತವೇ. ಮುಚ್ಚಿಟ್ಟು ಎದ್ದು ಬಂದರೆ ಹಿತ್ತಲಲ್ಲಿ ಕೋರೆಹಲ್ಲಿಲ್ಲದ, ಬೆಳ್ಳಗೂ ಇಲ್ಲದ ನನ್ನ ಗಂಡ ಒಬ್ಬರೇ ಸೊಪ್ಪು ಹೆಚ್ಚುತ್ತಿರುತ್ತಿದ್ದರು. ಮಗ ಒಂದು ದಿನ ಅಜ್ಜಿಯನ್ನು ಕೇಳಿಯೇಬಿಟ್ಟ, ‘ನಿನ್ನ ಕಥೇಲಿ ರಾಕ್ಷಸ ಯಾರು ಅಜ್ಜಿ? ಹಗಲಣ್ಣನಾ, ಇರುಳಣ್ಣನಾ?’ ‘ಇಬ್ರೂ ಅಲ್ಲ ಕಣಪ್ಪ’ ಅಂದರು ಅತ್ತೆ. ‘ರಾಕ್ಷಸ ಇಲ್ದಿದ್ರೆ ಅದೆಂಥ ಕಥೆ!’ ಎಂದು ಅವನು ಎದ್ದುಹೋದ. ಅವನ ವಯಸ್ಸಿಗೆ ಅದು ಸರಿ.  ಲೋಕವನ್ನು ಎರಡು ತುಂಡು ಮಾಡಿ ತೋರಿಸುವ ಕಥೆಗೆ ಜನ ಸೇರುತ್ತಾರೆ. ನಡುವೆ ನಿಂತವಳ ಕಥೆಗೆ ಕಡೆಗೆ ಮೊಮ್ಮಗನೂ ಉಳಿಯಲಿಲ್ಲ.

ಆದರೂ ನನ್ನ ಮನಸ್ಸು ಒಪ್ಪದ ಒಂದು ವಿಷಯವಿತ್ತು. ಸಮತೂಕ, ಸಮತೂಕ ಎಂದು ದೊಡ್ಡವರು ಹಾಡಿ ಹೊಗಳುತ್ತಾರೆ. ತಕ್ಕಡಿಯನ್ನು ಚಿತ್ರದಲ್ಲಿ ಬರೆದರೆ ಅದು ಗಾಳಿಯಲ್ಲಿ ತಾನೇ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹಿಡಿದುಕೊಂಡ ಒಬ್ಬಳು ಮುದುಕಿ ಇದ್ದಳು, ಅವಳ ರಟ್ಟೆ ಬಿದ್ದುಹೋಗುತ್ತಿತ್ತು. ಅದು ಆ ಇಬ್ಬರು ಗಂಡಸರಿಗೂ ಕಾಣಲಿಲ್ಲ. ಒಬ್ಬರಿಗೆ ತಾನು ಸರಿ ಎಂಬ ಯೋಚನೆ, ಇನ್ನೊಬ್ಬನಿಗೆ ತನ್ನನ್ನು ದೂಡಿದರು ಎಂಬ ಯೋಚನೆ. ನನಗೆ ಈಗಲೂ ಅದನ್ನು ನೆನೆದರೆ ಇಬ್ಬರ ಮೇಲೂ ಕೋಪ ಬರುತ್ತದೆ.

ಎಪ್ಪತ್ತರ ದಶಕ ಶುರುವಾದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಅವರ ಸೇವೆಗೆ ಆಳು ಬೇಕಾದ್ದರಿಂದ ಆ ಸಲ ನಾವು ಹುಳ ಮೇಯಿಸಲಿಲ್ಲ. ಅಟ್ಟಣೆ ಖಾಲಿ, ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದೆವು. ಒಂದು ಬೆಳಿಗ್ಗೆ ನಾನು ಅವರಿಗೆ ರಾಗಿಗಂಜಿ ಕುಡಿಸುತ್ತಿದ್ದಾಗ, ಎರಡು ಗುಟುಕು ನುಂಗಿ, ‘ಆ ಕಥೆ ಮುಗಿಸ್ಲಿಲ್ಲ ಕಣವ್ವ ನಾನು’ ಅಂದರು.

‘ಈಗ ಮುಗಿಸಿ. ಹುಳ ಇಲ್ಲವಲ್ಲ’ ಅಂದೆ.

‘ಒಂದಿನ ಅವಳ ಕೈ ಸೋತೋಯ್ತು. ತಕ್ಕಡಿ ಬುಟ್ಬುಟ್ಲು.’

‘ಬಿಟ್ಟರೆ?’

‘ಬಿದ್ರು ಇಬ್ರೂವೆ. ಇನ್ನೆಲ್ಲಿಗ್ ಬಿದ್ದಾರು? ಅವಳ ಕಾಲ್ತಾವ್ಲೇ ಬಿದ್ರು, ಒಂದೇ ಮರಳ್ ದಿಣ್ಣೆ ಮ್ಯಾಲೆ. ಅವನ ಮೈ ಇವನ ಮೈಗೆ ತಗಲ್ತು.’ ಅಷ್ಟು ಹೇಳಿ ಮೇಲುಸಿರು ಬಿಟ್ಟರು. ಮತ್ತೆ ಸ್ವಲ್ಪ ಹೊತ್ತಿಗೆ, ‘ಮೊದ್ಲೇ ಬುಡ್ಬೇಕಿತ್ತು ನಾನು. ಅವತ್ತು ಬೇಲಿತಾವು ಬಾ ಅಂತ ಅನ್ಬುಡ್ಬೇಕಿತ್ತು. ಆದದ್ದಾಗ್ಲಿ ಅಂತ’ ಅಂದರು. ಕಥೆಯೊಳಗಿಂದ ಅವರು ಯಾವಾಗ ಹೊರಬಂದರು ಎಂದು ನನಗೆ ತಿಳಿಯಲಿಲ್ಲ. ನಾನು ಬಟ್ಟಲು ಕೆಳಗಿಟ್ಟು ಅವರ ಕೈ ಹಿಡಿದುಕೊಂಡು ಅಳತೊಡಗಿದೆ. ಅಂದೇ ಹೂಗ್ಯಂಗೆ ಹೇಳಿಕಳಿಸಿದೆ, ನಾನೇ, ಯಾರನ್ನೂ ಕೇಳದೆ. ‘ಕಡೆಗಾಲ, ಬಾ’ ಎಂದು.

ಸುದ್ದಿ ಕಾಡಿನಂಚಿಗೆ ತಲುಪುವ ಮುಂಚೆ ಅವರು ಹೋಗಿಬಿಟ್ಟರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ನಡುಮನೆಯ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಸಿದ್ಧವಾಗಿತ್ತು. ಮಣ್ಣು ಮಾಡಿಸುವ ಅಯ್ಯನವರು ಎರಡು ಸಲ ಬಂದು, ‘ಎತ್ತೋಣವಾ?’ ಎಂದು ಕೇಳಿದರು. ಒಂದು ಹೊತ್ತಿನ ಕೆಲಸವನ್ನು ಇನ್ನೊಂದು ಹೊತ್ತಿಗೆ ತಳ್ಳಿದವರಲ್ಲ ನಮ್ಮನೆಯವರು. ಅಮ್ಮನ ಎಡಕ್ಕೆ ಕಂಬಳಿಯ ಮೇಲೆ ಕೂತು, ‘ಕಾಯ್ರಿ’ ಎಂದರು. ಯಾರಿಗೆಂದು ಹೇಳಲಿಲ್ಲ. ಜನ ಗೊಣಗಿದರು. ಬಿಸಿಲು ಇಳಿಯುತ್ತಾ ಬಂತು. ಮೂರನೆಯ ಸಲ ಕೇಳಿದಾಗಲೂ ‘ಕಡೇದು ಏಳೋಗಂಟ ಕಾಯ್ಬೇಕು’ ಎಂದರು. ಅಯ್ಯನವರಿಗೆ ಅದು ಅರ್ಥವಾಗಲಿಲ್ಲ. ನನಗಾಯಿತು. ಸೆರಗು ಬಾಯಿಗೆ ತುರುಕಿಕೊಂಡೆ.

ಹೊತ್ತು ಮುಳುಗುವ ಮುಂಚೆ ಅವನು ಬಂದ. ಬಸ್ಸಿಳಿದು ಓಡಿಕೊಂಡು ಬಂದಿರಬೇಕು, ಮೈಯೆಲ್ಲ ಬೆವರು, ಧೂಳು. ತಲೆಕೂದಲು ನರೆತಿತ್ತು. ಅಂಗಳದ ಜನ ದಾರಿ ಬಿಟ್ಟರು. ಅವನು ನೇರವಾಗಿ ಬಂದವನು ಬೇಲಿಯ ಹತ್ತಿರ ನಿಂತುಬಿಟ್ಟ, ಅಂದು ನಿಂತಿದ್ದಲ್ಲೇ. ಅಲ್ಲಿಂದ ತೆರೆದ ಬಾಗಿಲಲ್ಲಿ ಅಮ್ಮ ಕಾಣುತ್ತಿದ್ದರು. ಅವನು ಅವರನ್ನು ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದ:

‘ಒಳೀಕ್ ಬರ್ಬೌದಾ? ಉಳ ಜ್ವರದಲ್ಲಿದ್ದಾವಾ?’

 ಆ ಮನೆಯಲ್ಲಿ ಅಂದು ಒಂದು ಹುಳವೂ ಇರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ನಮ್ಮನೆಯವರು ಎದ್ದರು. ಬಾಗಿಲಿನ ತನಕ ಬಂದು ಚೌಕಟ್ಟು ಹಿಡಿದುಕೊಂಡರು. ಜೀವಮಾನದಲ್ಲಿ ಒಂದು ಸುಳ್ಳು ಹೇಳದ ಮನುಷ್ಯ, ತಮ್ಮನನ್ನು ಜೈಲಿಗೆ ಕಳಿಸುವಾಗಲೂ ನಿಜವನ್ನೇ ಹೇಳಿದ ಮನುಷ್ಯ, ಊರಿನವರೆಲ್ಲರ ಎದುರಿಗೆ ಹೇಳಿದರು:

‘ಎದ್ದವೆ ಕಣ್ಲಾ. ಈಗ್ತಾನೆ ಎದ್ವು. ಬಾ.’

ಅವನು ಬಾನಿಯ ನೀರಿನಲ್ಲಿ ಕಾಲು ತೊಳೆದುಕೊಂಡ, ಮನೆಯವರು ತೊಳೆದುಕೊಳ್ಳುವ ಹಾಗೆ. ಒಳಗೆ ಬಂದು ಅಮ್ಮನ ಬಲಕ್ಕೆ ಕೂತ. ಇವರು ಎಡಕ್ಕೆ ಕೂತರು. ಅತ್ತೆ ಇಬ್ಬರ ನಡುವೆ ಗೋಡೆಗೆ ಒರಗಿದ್ದರು, ಎರಡು ಕೈಯೂ ಮಡಿಲಲ್ಲಿ ಖಾಲಿಯಾಗಿ ಬಿದ್ದಿದ್ದವು. ಅಯ್ಯನವರು ಬಂದು ಇನ್ನು ಎತ್ತಬಹುದೆಂದರು.